ಕ್ರೈಸ್ತಾರಾಧನೆಯಲ್ಲಿ ದೇವಸಾನ್ನಿಧ್ಯದ ಕಲ್ಪನೆ

ದೇವರು ಎಲ್ಲೆಲ್ಲಿಯೂ ಇರುವನೆಂದು ಕ್ರೈಸ್ತಧರ್ಮವು ಬೋಧಿಸುತ್ತದೆ. ಭಕ್ತರು ಆರಾಧನೆಗಾಗಿ ಕೂಡಿದೆಡೆಯಲ್ಲಿ ಆತನು ವಿಶೇಷವಾಗಿ ಸನ್ನಿಹಿತನಾಗುವನೆಂದೂ ಅದೇ ಧರ್ಮವು ಬೋಧಿಸುತ್ತದೆ. ಈ ಎರಡು ಮಾತುಗಳು ಒಂದಕ್ಕೊಂದು ಹೊಂದುವ ಬಗೆ ಹೇಗೆ? ಸರ್ವವ್ಯಾಪಿಯಾದವನು ಒಂದೆಡೆಗೆ ಬರುವನೆಂದರೆ ಅರ್ಥವೇನು? ಮತಧರ್ಮಗಳ ತೌಲನಿಕ ಅಧ್ಯಯನಕ್ಕೆ ತೊಡಗುವ ವಿದ್ಯಾರ್ಥಿಗೆ ಮೊದಲು ಎದುರಾಗುವ ಪ್ರಶ್ನೆಗಳಲ್ಲಿ ಇದೊಂದು.

ಇದು ಕೇವಲ ಶಾಸ್ತ್ರಜ್ಞರ ಪ್ರಶ್ನೆಯೂ ಅಲ್ಲ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಗೆ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ಕ್ರೈಸ್ತನೊಬ್ಬನನ್ನು ನೆನೆಯೋಣ. ಅವನ ಹುಟ್ಟೂರಿನಲ್ಲಿ ತಲೆಮಾರುಗಳಿಂದ ನಿಂತ ಗುಡಿಯಿದೆ, ಗಂಟೆಯಿದೆ, ಹಿರಿಯರ ಸಮಾಧಿಗಳಿವೆ. ಇಲ್ಲಿ ಅವನ ಪಾಲಿಗೆ ದೊರೆಯುವುದು ಬಾಡಿಗೆಯ ಒಂದು ಕೊಠಡಿ, ಪ್ಲಾಸ್ಟಿಕ್ ಕುರ್ಚಿಗಳು, ಅರ್ಧ ಪರಿಚಯದ ಮುಖಗಳು. ಅಲ್ಲಿದ್ದ ಸನ್ನಿಧಿ ಇಲ್ಲಿಯೂ ಇದೆಯೆ? ಈ ಪ್ರಶ್ನೆಗೆ ಕ್ರೈಸ್ತ ಸಂಪ್ರದಾಯವು ಕೊಡುವ ಉತ್ತರವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲು ಯತ್ನಿಸುತ್ತೇವೆ.

೧. ಪದವಿಚಾರ

‘ಸನ್ನಿಧಿ’ ಎಂಬ ಶಬ್ದಕ್ಕೆ ‘ಹತ್ತಿರದಲ್ಲಿ ಇರಿಸಲ್ಪಟ್ಟಿರುವಿಕೆ’ ಎಂಬುದು ಮೂಲಾರ್ಥ. ಕನ್ನಡಿಗನಿಗೆ ಈ ಶಬ್ದದೊಡನೆ ಗರ್ಭಗುಡಿ, ಆವಾಹನೆ, ಪ್ರಾಣಪ್ರತಿಷ್ಠೆ ಮೊದಲಾದ ಭಾವನೆಗಳು ತಾವಾಗಿಯೇ ಸ್ಫುರಿಸುತ್ತವೆ. ಕ್ರೈಸ್ತ ಗ್ರಂಥಗಳ ಅನುವಾದಕರು ಇದೇ ಶಬ್ದವನ್ನು ಸ್ವೀಕರಿಸಿದಾಗ ಒಂದು ಅನುಕೂಲವೂ ಒಂದು ತೊಡಕೂ ಕೂಡಿಯೇ ಬಂದುವು. ದೇವರ ಇರವು ಭಕ್ತನ ಮನಸ್ಸಿನ ಕಲ್ಪನೆ ಮಾತ್ರವಲ್ಲ, ಎದುರುಗೊಳ್ಳತಕ್ಕ ವಾಸ್ತವವೆಂದು ಅದು ಸೂಚಿಸಿತು, ಇದು ಅನುಕೂಲ. ಆ ಇರವು ಒಂದು ಸ್ಥಳಕ್ಕೆ ಕಟ್ಟುಬಿದ್ದುದೆಂಬ ಭಾವನೆಗೂ ಅದು ಎಡೆಗೊಟ್ಟಿತು; ಇದು ತೊಡಕು.

ಆದುದರಿಂದ ಎರಡು ಅರ್ಥಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ದೇವರ ಅಧೀನವಲ್ಲದ ಎಡೆಯಿಲ್ಲ ಎಂಬುದು ಸರ್ವವ್ಯಾಪಕತ್ವ. ದೇವರು ತನ್ನ ವಾಗ್ದಾನಕ್ಕೆ ಅನುಸಾರವಾಗಿ, ಮನುಷ್ಯರು ತನ್ನನ್ನು ಗುರುತಿಸಿ ಸಂಬಂಧ ಬೆಳೆಸಬಲ್ಲಂತೆ ತೋರಿಕೊಳ್ಳುವುದು ಸಾನ್ನಿಧ್ಯ. ಒಂದೇ ಮನೆಯಲ್ಲಿ ಇರುವುದು ಬೇರೆ, ಎದುರಿಗೆ ಕುಳಿತು ಮಾತನಾಡುವುದು ಬೇರೆ. ಆರಾಧನೆಯಲ್ಲಿ ದೇವರು ದೂರದಿಂದ ನಡೆದು ಬರುವನೆಂದು ಕ್ರೈಸ್ತರು ಹೇಳುವುದಿಲ್ಲ. ಇರುವವನು ಮುಖಾಮುಖಿಯಾಗುವನೆಂದು ಹೇಳುತ್ತಾರೆ.

೨. ಬೈಬಲಿನ ಆಧಾರ

ಈ ವಿವೇಚನೆಗೆ ಬೈಬಲಿನಲ್ಲಿಯೇ ತಳಹದಿಯಿದೆ. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರ ಸಂಗಡ ನಡೆದದ್ದು ಕಲ್ಲಿನ ದೇವಾಲಯವಲ್ಲ, ಬಿಚ್ಚಿ ಕಟ್ಟಬಹುದಾದ ಗುಡಾರ. ಮೇಘವು ಎದ್ದಾಗ ಜನ ಹೊರಡುವರು, ನಿಂತಾಗ ಬೀಡುಬಿಡುವರು. ಮುಂದೆ ಸೊಲೊಮೋನನು ಯೆರೂಸಲೇಮಿನಲ್ಲಿ ದೇವಾಲಯವನ್ನು ಕಟ್ಟಿಸಿದಾಗ ಅವನ ಪ್ರತಿಷ್ಠಾಪ್ರಾರ್ಥನೆಯಲ್ಲಿಯೇ, ಆಕಾಶಕ್ಕೂ ಹಿಡಿಸದವನು ಈ ಮನೆಯಲ್ಲಿ ಹಿಡಿಸುವನೆ ಎಂಬ ಶಂಕೆ ತೋರುತ್ತದೆ. ಕ್ರಿ. ಪೂ. ಆರನೆಯ ಶತಮಾನದಲ್ಲಿ ಸೆರೆಯಾಗಿ ಬಾಬೆಲಿಗೆ ಒಯ್ಯಲ್ಪಟ್ಟವರಲ್ಲಿ ಒಬ್ಬನಾದ ಯೆಹೆಜ್ಕೇಲನು ಪರದೇಶದ ಕೆಬಾರ್ ಕಾಲುವೆಯ ದಡದಲ್ಲಿ ದೇವರ ಸಿಂಹಾಸನವನ್ನು ಕಂಡನು; ಅವನ ದರ್ಶನದಲ್ಲಿ ಅದಕ್ಕೆ ಚಕ್ರಗಳಿದ್ದುವು. ನೆಲ ಕಳೆದುಕೊಂಡವರಿಗೆ ಇದಕ್ಕಿಂತ ಹೆಚ್ಚಿನ ಸಾಂತ್ವನ ಬೇರೊಂದಿರಲಾರದು.

ಹೊಸ ಒಡಂಬಡಿಕೆಯಲ್ಲಿ ಈ ಸಾನ್ನಿಧ್ಯವು ಯೇಸುಕ್ರಿಸ್ತನ ವ್ಯಕ್ತಿತ್ವದಲ್ಲಿ ಕೇಂದ್ರೀಕೃತವಾಯಿತು. ಯೋಹಾನನ ಸುವಾರ್ತೆಯ ಆರಂಭದಲ್ಲಿ ವಾಕ್ಯವು ನರರೂಪವಾಗಿ ನಮ್ಮ ನಡುವೆ ವಾಸಿಸಿತೆಂದು ಹೇಳುವ ಗ್ರೀಕ್ ಕ್ರಿಯಾಪದಕ್ಕೆ ‘ಗುಡಾರ ಹಾಕಿತು’ ಎಂದೇ ಅರ್ಥ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದಲ್ಲಿ ತಾನಿರುವೆನೆಂಬ ವಾಗ್ದಾನವನ್ನು ಮತ್ತಾಯನು ದಾಖಲಿಸಿದ್ದಾನೆ. ಎಮ್ಮಾಹುವಿನ ದಾರಿಯಲ್ಲಿ ಜೊತೆಯಾಗಿ ನಡೆದವನು ಯಾರೆಂಬುದು ರೊಟ್ಟಿಯನ್ನು ಮುರಿದ ಗಳಿಗೆಯಲ್ಲಿ ಶಿಷ್ಯರಿಗೆ ತಿಳಿಯಿತೆಂದು ಲೂಕನು ಹೇಳುತ್ತಾನೆ.

೩. ಭೇದಗಳು

ಪ್ರಭುಭೋಜನದಲ್ಲಿ ಕ್ರಿಸ್ತನು ಯಾವ ಬಗೆಯಲ್ಲಿ ಸನ್ನಿಹಿತನೆಂಬ ವಿಷಯದಲ್ಲಿ ಸಭೆಗಳು ಭಿನ್ನಾಭಿಪ್ರಾಯ ತಾಳಿದುವು. ರೊಟ್ಟಿ ಮತ್ತು ದ್ರಾಕ್ಷಾರಸಗಳ ತೋರಿಕೆ ಉಳಿದರೂ ಅವುಗಳ ತತ್ತ್ವವೇ ಕ್ರಿಸ್ತನ ಶರೀರ ಹಾಗೂ ರಕ್ತವಾಗಿ ಮಾರ್ಪಡುವುದೆಂಬುದು ಕಥೋಲಿಕ ಸಿದ್ಧಾಂತ. ೧೨೧೫ರ ಲ್ಯಾಟರನ್ ಮಹಾಸಭೆ ಇದನ್ನು ಉಚ್ಚರಿಸಿತು, ೧೫೫೧ರಲ್ಲಿ ಟ್ರೆಂಟಿನ ಮಹಾಸಭೆ ಸ್ಥಿರಪಡಿಸಿತು. ೧೫೨೯ರಲ್ಲಿ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಸಂಧಿಸಿ ಹದಿನೈದು ವಿಷಯಗಳಲ್ಲಿ ಹದಿನಾಲ್ಕನ್ನು ಒಪ್ಪಿಕೊಂಡರು. ಒಡೆದು ನಿಂತದ್ದು ಇದೊಂದರಲ್ಲಿಯೇ. ರೊಟ್ಟಿಯೊಡನೆಯೇ ಕ್ರಿಸ್ತನು ನಿಜವಾಗಿ ದತ್ತನಾಗುವನೆಂದು ಲೂಥರನ ಮತ. ಅದು ಸ್ಮರಣೆಯ ಸಂಕೇತವೆಂದು ಜ್ವಿಂಗ್ಲಿಯ ಮತ. ಪವಿತ್ರಾತ್ಮನ ಮೂಲಕ ಭಕ್ತರು ಕ್ರಿಸ್ತನಲ್ಲಿ ಪಾಲುಗೊಳ್ಳುವರೆಂದು ಕಾಲ್ವಿನನು ಮಧ್ಯಮಾರ್ಗವನ್ನು ತೋರಿದನು. ಸಿರಿಯನ್ ಸಂಪ್ರದಾಯದವರಾದರೋ ಮಾರ್ಪಾಡಿನ ಬಗೆಯನ್ನು ತರ್ಕಿಸುವುದಕ್ಕಿಂತ ಪವಿತ್ರಾತ್ಮನನ್ನು ಇಳಿದುಬರುವಂತೆ ಕರೆಯುವ ಪ್ರಾರ್ಥನೆಗೇ ಮಹತ್ತ್ವ ಕೊಡುತ್ತಾರೆ.

ಈ ಭೇದಗಳನ್ನು ಕಂಡು ಒಬ್ಬರು ಸಾನ್ನಿಧ್ಯವನ್ನು ನಂಬುವವರು, ಇನ್ನೊಬ್ಬರು ನಂಬದವರು ಎಂದು ವಿಭಾಗಿಸುವುದು ತಪ್ಪು. ವಿವಾದವಿದ್ದುದು ಸಾನ್ನಿಧ್ಯದ ವಿಧಾನವನ್ನು ಕುರಿತು. ಇಪ್ಪತ್ತನೆಯ ಶತಮಾನವು ಈ ಅಂತರವನ್ನು ಕಿರಿದುಮಾಡಿತು. ೧೯೬೩ರ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾ ಸಂವಿಧಾನವು ಕ್ರಿಸ್ತನ ಸಾನ್ನಿಧ್ಯವನ್ನು ಬಲಿಪೂಜೆಯ ಪ್ರಸಾದದಲ್ಲಿ ವಿಶೇಷವಾಗಿ ಗುರುತಿಸಿತು. ಜೊತೆಗೆ ಪೂಜೆ ನಡೆಸುವ ಗುರುವಿನಲ್ಲಿ, ಸಂಸ್ಕಾರಗಳಲ್ಲಿ, ವಾಚನವಾಗುವ ಶಾಸ್ತ್ರದಲ್ಲಿ, ಪ್ರಾರ್ಥಿಸಿ ಹಾಡುವ ಸಭೆಯಲ್ಲಿ ಕೂಡ ಗುರುತಿಸಿತು.

೪. ದಕ್ಷಿಣಭಾರತದ ಪ್ರಯೋಗಗಳು

ನಮ್ಮ ನಾಡಿಗೆ ಸಮೀಪದ ಎರಡು ಉದಾಹರಣೆಗಳು ಇಲ್ಲಿ ವಿಚಾರಾರ್ಹ. ೧೯೪೭ರ ಸೆಪ್ಟೆಂಬರ್ ೨೭ರಂದು ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದುವು. ೧೯೫೦ರಲ್ಲಿ ಬಳಕೆಗೆ ಬಂದ ಅದರ ಪ್ರಭುಭೋಜನದ ಕ್ರಮದಲ್ಲಿ ಬೋಧಕನು ಮೇಜಿನ ಹಿಂದೆ, ಜನರಿಗೆ ಅಭಿಮುಖನಾಗಿ ನಿಲ್ಲುತ್ತಾನೆ. ಶಾಂತಿಯ ವಂದನೆಯು ಅಂಗೈಗೆ ಅಂಗೈ ಸೇರಿಸಿ ಒಬ್ಬರಿಂದೊಬ್ಬರಿಗೆ ಸಾಗುತ್ತದೆ. ಇದು ಮಲಬಾರಿನ ಸಿರಿಯನ್ ಸಭೆಯಿಂದ ಪಡೆದ ಪದ್ಧತಿ. ರೊಟ್ಟಿ ದ್ರಾಕ್ಷಾರಸಗಳು ಮುಂದೆ ಬಂದ ಮೇಲೆ, ಶಿಷ್ಯರ ನಡುವೆ ಇದ್ದಂತೆ ನಮ್ಮ ನಡುವೆಯೂ ಇರಬೇಕೆಂದು ಕ್ರಿಸ್ತನನ್ನೇ ಬೇಡುವ ಕಿರುಪ್ರಾರ್ಥನೆಯೊಂದಿದೆ. ಅದು ಸ್ಪೇನಿನ ಪ್ರಾಚೀನ ಮೊಜರಬಿಕ್ ವಿಧಿಯಿಂದ ಬಂದುದು. ಹೀಗೆ ವಿಭಿನ್ನ ಸಭೆಗಳು ಸಿದ್ಧಾಂತದ ವಾಕ್ಯದಲ್ಲಿ ಅಲ್ಲದಿದ್ದರೂ ಬೇಡಿಕೆಯ ವಾಕ್ಯದಲ್ಲಿ ಒಂದಾದುವು.

ಎರಡನೆಯದು ಕಥೋಲಿಕರ ಪ್ರಯತ್ನ. ಬೆಂಗಳೂರಿನಲ್ಲಿ ೧೯೬೭ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದ ನಿರ್ದೇಶಕರಾಗಿದ್ದ ಡಿ. ಎಸ್. ಅಮಲೋರ್ಪವದಾಸ್ ಅವರು ಆರಾಧನೆಯ ಭಾರತೀಕರಣಕ್ಕೆ ನೇತೃತ್ವ ವಹಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನಕ್ಕೆ ಅಡಿಪಾಯ ಹಾಕಿದವರೂ ಅವರೇ. ೧೯೬೯ರಲ್ಲಿ ರೋಮಿನಿಂದ ಅನುಮತಿ ಪಡೆದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿಬದ್ಧ ನಮಸ್ಕಾರ, ಆರತಿ, ಎಣ್ಣೆಯ ದೀಪ ಮೊದಲಾದುವು ಸೇರಿದ್ದುವು. ಇದನ್ನು ಕೆಲವರು ಸ್ವಾಗತಿಸಿದರು, ಕೆಲವರು ಪರಧರ್ಮದ ಅನುಕರಣೆಯೆಂದು ಪ್ರತಿಭಟಿಸಿದರು. ವಾದದ ಮರ್ಮ ಒಂದೇ: ಸನ್ನಿಧಿಗೆ ತಕ್ಕ ದೇಹಭಾಷೆ ಯಾವುದು? ಮೊಣಕಾಲೂರುವುದು ಯೂರೋಪಿನವನಿಗೆ ಹೇಗೋ ಕೈಜೋಡಿಸುವುದು ಇಲ್ಲಿಯವನಿಗೆ ಹಾಗೆ ಎಂಬುದು ಸುಧಾರಕರ ಸಮರ್ಥನೆ.

೫. ಹೊರವಲಯದ ನಿದರ್ಶನ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ವೈಟ್‌ಫೀಲ್ಡ್ ಎಂಬುದು ೧೮೮೨ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಆಂಗ್ಲೋ–ಇಂಡಿಯನ್ ಸಮುದಾಯದ ಸಂಘಕ್ಕೆ ನೀಡಿದ ಭೂಮಿಯಲ್ಲಿ ಬೆಳೆದ ಬೇಸಾಯದ ಗ್ರಾಮ, ಡಿ. ಎಸ್. ವೈಟ್ ಎಂಬವರ ಹೆಸರು ಅದಕ್ಕೆ ನಿಂತಿತು. ಮನೆಗಳು, ತೋಟಗಳು, ಅವುಗಳ ನಡುವೆ ಮೆಮೋರಿಯಲ್ ಚರ್ಚು—ಊರು ಮತ್ತು ಗುಡಿ ಒಂದಕ್ಕೊಂದು ಅಂಟಿಕೊಂಡ ಮಾದರಿ ಅದು. ೧೯೬೩ರಲ್ಲಿ ಅಲ್ಲಿಯೇ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಸ್ಥಾಪಿತವಾಗಿ ಬೇರೆ ಬೇರೆ ಸಭೆಗಳವರು ಒಂದೆಡೆ ಕುಳಿತು ಚಿಂತಿಸಲು ಅವಕಾಶವಾಯಿತು. ಪೀಣ್ಯದಿಂದಾಚೆ ಹೆಸರಘಟ್ಟದ ಕಡೆಯ ಸಿಲ್ವೇಪುರವು ಹೆಸರಿನಲ್ಲಿಯೇ ಶಿಲುಬೆಯನ್ನು ಹೊತ್ತ ಹಳ್ಳಿ. ಚಿತ್ರಕಾರ ಜ್ಯೋತಿ ಸಾಹಿ ಅವರು ಅಲ್ಲಿ ಕಲಾಶ್ರಮವನ್ನು ಕಟ್ಟಿ, ಕ್ರೈಸ್ತ ಭಾವನೆಗಳಿಗೆ ಈ ನೆಲದ ರೂಪಗಳನ್ನು ಅರಸಿದರು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳ ಮೇಲೆ ಎದ್ದ ಎಲೆಕ್ಟ್ರಾನಿಕ್ ಸಿಟಿಯ ರೀತಿ ಬೇರೆ: ಅದನ್ನು ಯೋಜಿಸಿದ್ದು ಉದ್ಯಮಕ್ಕಾಗಿ, ಆರಾಧನೆಯ ಸ್ಥಳಗಳು ಜನರ ಹಿಂದೆ ಬಂದುವು.

ಹೀಗಿರುವಾಗ ಸನ್ನಿಧಿಯು ಕಟ್ಟಡವನ್ನು ಅವಲಂಬಿಸಿದೆಯೆಂದರೆ ಈ ಜನ ಅದರಿಂದ ವಂಚಿತರೆನ್ನಬೇಕಾದೀತು. ಕ್ರೈಸ್ತ ಸಿದ್ಧಾಂತ ಹಾಗೆನ್ನುವುದಿಲ್ಲ. ಗುಡಾರದ ದೇವರು ಬಾಡಿಗೆಯ ಕೊಠಡಿಗೂ ದೇವರು. ಆದರೆ ಇಲ್ಲಿಗೇ ಸಮಾಧಾನ ಹೊಂದುವುದು ಅವಸರವಾಗುತ್ತದೆ. ಸುಮಾರು ಕ್ರಿ. ಶ. ೫೪ರಲ್ಲಿ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ಪಾಳಿಯ ಕೆಲಸದ ಬೆಳಕಿನಲ್ಲಿ ಓದಬೇಕು. ಅಲ್ಲಿ ಕೆಲವರು ಮೊದಲೇ ಬಂದು ತಮ್ಮ ಊಟವನ್ನು ಉಂಡು ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಉಳಿಯುತ್ತಿದ್ದರು. ತಡವಾಗಿ ಬರುತ್ತಿದ್ದವರು ದುಡಿಯುವ ಬಡವರೂ ದಾಸರೂ ಆಗಿದ್ದಿರಬೇಕೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ನೀವು ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲನು ಖಂಡಿಸಿದನು. ವಿಧಿಯಲ್ಲಿ ಲೋಪವಿದೆಯೆಂದು ಅವನು ಹೇಳಲಿಲ್ಲ. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು ಹೇಳಿದನು. ಪೀಣ್ಯದಲ್ಲಿ ರಾತ್ರಿಯ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಬರುವವನಿಗೆ, ಸಭೆಯ ಭಾಷೆ ಅರಿಯದೆ ಹಿಂದಿನ ಸಾಲಿನಲ್ಲಿ ಕುಳಿತವನಿಗೆ, ಆ ಮಾತು ಇಂದಿಗೂ ಅನ್ವಯಿಸುತ್ತದೆ.

೬. ಸಮಾರೋಪ

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಸಾನ್ನಿಧ್ಯವು ಭಕ್ತರ ನಡತೆಯನ್ನು ಅವಲಂಬಿಸಿದರೆ ಅದು ದೇವರ ವರವಾಗುವುದು ಹೇಗೆ? ನಾಲ್ಕು ಮತ್ತು ಐದನೆಯ ಶತಮಾನಗಳ ಉತ್ತರ ಆಫ್ರಿಕದ ಡೊನಾಟಿಸ್ಟ್ ವಿವಾದದಲ್ಲಿ ಅಗಸ್ಟೀನನು, ಸಂಸ್ಕಾರದ ಸಿಂಧುತ್ವವು ನಡೆಸುವವನ ಯೋಗ್ಯತೆಯನ್ನು ಅವಲಂಬಿಸಿಲ್ಲ, ಅದು ಕ್ರಿಸ್ತನದು ಎಂದು ವಾದಿಸಿದನು. ಸಾನ್ನಿಧ್ಯಕ್ಕೆ ಆಧಾರವು ವಾಗ್ದಾನವೇ ಹೊರತು ಗುರುವಿನ ಪುಣ್ಯವೂ ಅಲ್ಲ, ಸಭೆಯ ಭಾವೋದ್ವೇಗವೂ ಅಲ್ಲ. ಹಾಡು ರೋಮಾಂಚನಗೊಳಿಸಿದ ದಿನ ದೇವರು ಬಂದನು, ಬೇಸರವೆನಿಸಿದ ದಿನ ಬರಲಿಲ್ಲ ಎಂಬ ಅಳತೆ ಸರಿಯಲ್ಲ. ಆದರೆ ಕೊಟ್ಟ ವರವನ್ನು ಸ್ವೀಕರಿಸುವ ಹೊಣೆ ಸಭೆಯದು. ನೆರೆಯವನನ್ನು ಕಾಣದವನು ಆ ಸನ್ನಿಧಿಯಲ್ಲಿ ನಿಂತೂ ಅದನ್ನು ಗುರುತಿಸಲಾರನು. ಪೌಲನ ಖಂಡನೆಯ ಗುರಿ ಇದೇ.

ಕೊಠಡಿಯ ಬಾಡಿಗೆ ಮುಗಿದು ಸಭೆಯು ಮತ್ತೊಂದು ಬೀದಿಗೆ ಹೋಗಬೇಕಾಗಿ ಬರಬಹುದು. ಊರಿನ ಗಂಟೆಯ ನೆನಪು ಆ ಭಕ್ತನನ್ನು ಆಗಲೂ ಕಾಡಬಹುದು. ಆದರೆ ಶಾಸ್ತ್ರ ವಾಚನವಾಗಿ, ರೊಟ್ಟಿ ಮುರಿಯಲ್ಪಟ್ಟು, ತಡವಾಗಿ ಬಂದವನಿಗೂ ಒಂದು ಕುರ್ಚಿ ಉಳಿದಿದ್ದರೆ, ಅವನ ಪ್ರಶ್ನೆಗೆ ಕ್ರೈಸ್ತ ಸಂಪ್ರದಾಯವು ಇದೆ ಎಂದೇ ಉತ್ತರಿಸುತ್ತದೆಂದು ನಾವು ತಿಳಿಯುತ್ತೇವೆ.