ಸಂತೋಷಕೂಟಕ್ಕೆ ಸಿಹಿ ಪುರಿ

ಮಗುವಿನ ಹುಟ್ಟುಹಬ್ಬವೆಂದರೆ ಮನೆಯವರಿಗೆಲ್ಲ ಸಡಗರ. ಆದರೆ ಆ ಸಡಗರದ ಹೊತ್ತಿನಲ್ಲಿ ಗೃಹಿಣಿ ಇರುವುದು ಸಾಮಾನ್ಯವಾಗಿ ಬಾಣಲೆಯ ಮುಂದೆ. ಹಜಾರದಲ್ಲಿ ಮಕ್ಕಳು ಕೇಕೆ ಹಾಕುತ್ತಿರುವಾಗ ಅವಳ ಕೈ ಬೋಂಡದ ಹಿಟ್ಟಿನಲ್ಲಿರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುವಾಗ ಸೆರಗಿಗೆ ಕೈ ಒರಸಿಕೊಳ್ಳುತ್ತ ಬಾಗಿಲವರೆಗೆ ಬಂದು, ಎಣ್ಣೆ ಕಾಯುತ್ತಿದೆಯೆಂದು ಮತ್ತೆ ಒಳಗೆ ಓಡುತ್ತಾಳೆ. ಅತಿಥಿಗಳೆಲ್ಲ ಹೊರಟುಹೋದ ಮೇಲೆ, “ಯಾರು ಯಾರು ಬಂದಿದ್ದರು?” ಎಂದು ಅವಳೇ ಮನೆಯವರನ್ನು ಕೇಳಬೇಕಾದ ಪ್ರಸಂಗವೂ ಉಂಟು.

ಹಿಂದಿನ ದಿನವೇ ಮಾಡಿ ಮುಗಿಸಿ, ಡಬ್ಬಿಗೆ ತುಂಬಿ, ಸಂಜೆ ಬಟ್ಟಲಿಗೆ ಸುರಿದುಬಿಡಬಹುದಾದ ತಿನಿಸು ಒಂದಾದರೂ ಇದ್ದರೆ ಈ ಕಷ್ಟ ಅರ್ಧಕ್ಕೆ ಇಳಿಯುತ್ತದೆ. ಬೆಲ್ಲದ ಪಾಕ ಹಿಡಿಸಿದ ಸಿಹಿ ಪುರಿ ಅಂಥ ತಿನಿಸು. ಇದಕ್ಕೆ ಎಣ್ಣೆ ಕಾಯಿಸುವ ಕೆಲಸವಿಲ್ಲ, ಕೇಕು ಬೇಯಿಸುವ ಒಲೆಯೂ ಬೇಕಿಲ್ಲ. ಸಾಮಾನುಗಳನ್ನು ಅಣಿ ಮಾಡಿಟ್ಟುಕೊಂಡರೆ ಒಲೆಯ ಮುಂದೆ ನಿಲ್ಲಬೇಕಾದುದು ಅರ್ಧ ಗಂಟೆ ಮಾತ್ರ. ತಿನಿಸು ಅಗ್ಗದ್ದೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಹದವಾಗಿ ಮಾಡಿದ ಸಿಹಿ ಪುರಿಯ ಬಟ್ಟಲು ಕೇಕಿನ ತಟ್ಟೆಗಿಂತ ಮೊದಲೇ ಬರಿದಾಗುವುದುಂಟು.

ಮರಳಿನಲ್ಲಿ ಅರಳಿದ ಅಕ್ಕಿ

ಮೈಸೂರು ಸೀಮೆಯಲ್ಲಿ ಪುರಿ, ಕಡಲೆಪುರಿ. ದಾವಣಗೆರೆಯ ಕಡೆ ಮಂಡಕ್ಕಿ. ಧಾರವಾಡದ ಕಡೆ ಚುರುಮುರಿ. ಹೆಸರು ಬೇರೆಯಾದರೂ ವಸ್ತು ಒಂದೇ. ಜಾತ್ರೆಯಿಂದ ಹಿಂದಿರುಗುವವರ ಗಂಟಿನಲ್ಲಿ ಬೆಂಡು ಬತ್ತಾಸಿನ ಜೊತೆಗೆ ಇರುವುದೂ ಇದೇ, ಆಯುಧಪೂಜೆಯ ದಿನ ಅಂಗಡಿ ಕಾರ್ಖಾನೆಗಳಲ್ಲಿ ಬೊಗಸೆ ತುಂಬ ಹಂಚುವುದೂ ಇದೇ. ದಾವಣಗೆರೆಯಲ್ಲಂತೂ ಮಂಡಕ್ಕಿ ಭಟ್ಟಿಗಳು ಊರಿನ ಹೆಸರಿನೊಡನೆ ಬೆಸೆದುಕೊಂಡಿವೆ.

ಪುರಿಯಾಗುವ ಅಕ್ಕಿ ಸಾಮಾನ್ಯ ಅಕ್ಕಿಯಲ್ಲ. ಮೊದಲು ಬತ್ತವನ್ನು ನೆನೆಸಿ, ಕುದಿಸಿ, ಒಣಗಿಸಿ, ಅನಂತರ ಹೊಟ್ಟು ತೆಗೆಯುತ್ತಾರೆ. ಹೀಗೆ ದೊರೆತ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದು ಕೆಂಡದಂತಾದ ಮರಳಿನಲ್ಲಿ ಹುರಿಯುತ್ತಾರೆ. ಕಾಳಿನೊಳಗೆ ಉಳಿದಿರುವ ಅಲ್ಪಸ್ವಲ್ಪ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ ಹೊರಕ್ಕೆ ನುಗ್ಗುವಾಗ ಅಕ್ಕಿ ಉಬ್ಬಿ ಹಗುರವಾಗುತ್ತದೆ. ದೇವರ ಪೂಜೆಗೆ ಬಳಸುವ ಅರಳು ಬೇರೆ. ಅದು ಹೊಟ್ಟಿನ ಸಮೇತ ಬತ್ತವನ್ನೇ ಹುರಿದು ಅರಳಿಸಿದ್ದು.

ಉಬ್ಬಿದ ಪುರಿಯ ಮೈತುಂಬ ಸಣ್ಣ ಸಣ್ಣ ಗಾಳಿಗೂಡುಗಳು. ಹಲ್ಲಿಗೆ ಸಿಕ್ಕಾಗ ಕುರುಕುರು ಎನ್ನುವುದು ಆ ಗೂಡುಗಳ ತೆಳುವಾದ ಗೋಡೆಗಳು. ಆದರೆ ಅದೇ ಗೂಡುಗಳು ಗಾಳಿಯ ತೇವವನ್ನೂ ಬೇಗ ಹೀರಿಕೊಳ್ಳುತ್ತವೆ. ತೇವ ತಗುಲಿದ ಪುರಿ ಬೂರುಗದ ಹತ್ತಿಯಂತಾಗುತ್ತದೆ. ಆದುದರಿಂದ ಸಿಹಿ ಪುರಿಯ ಗುಟ್ಟೆಲ್ಲ ಒಂದೇ ಮಾತಿನಲ್ಲಿದೆ: ಸಿಹಿ ಹತ್ತಬೇಕು, ನೀರು ಹತ್ತಬಾರದು. ಮುಂದೆ ಹೇಳುವ ಕ್ರಮಗಳೆಲ್ಲ ಈ ಒಂದು ಮಾತಿನ ವಿಸ್ತಾರ.

ಬೇಕಾಗುವ ಸಾಮಾನುಗಳು

ಹತ್ತು ಹನ್ನೆರಡು ಮಕ್ಕಳಿಗೆ ಸಾಲುವಷ್ಟು ಮಾಡಲು ಈ ಕೆಳಗಿನ ಅಳತೆ ಸರಿಹೋಗುತ್ತದೆ. ಬಟ್ಟಲು ಎಂದರೆ ಸುಮಾರು 240 ಮಿಲಿಲೀಟರು ನೀರು ಹಿಡಿಯುವ ಬಟ್ಟಲು.

ಪುರಿ — 8 ಬಟ್ಟಲು (ಸುಮಾರು 120 ಗ್ರಾಂ)
ಕುಟ್ಟಿದ ಬೆಲ್ಲ — 150 ಗ್ರಾಂ
ನೀರು — ಕಾಲು ಬಟ್ಟಲು
ಕಡಲೆಕಾಯಿ ಬೀಜ — ಅರ್ಧ ಬಟ್ಟಲು
ಹುರಿಗಡಲೆ — ಅರ್ಧ ಬಟ್ಟಲು
ತುರಿದ ಒಣಕೊಬ್ಬರಿ — ಕಾಲು ಬಟ್ಟಲು
ತುಪ್ಪ — 2 ಚಮಚ
ಏಲಕ್ಕಿ — 4 ಅಥವಾ 5

ಪುರಿಯಲ್ಲಿ ಉಪ್ಪು ಮೊದಲೇ ಇರುವುದರಿಂದ ಬೇರೆ ಉಪ್ಪು ಬೇಡ. ಬೆಲ್ಲ ಗಟ್ಟಿಯಾಗಿ ಒಣಗಿರಲಿ. ಅಂಟಂಟಾಗಿ ಬೆವರುವ ಬೆಲ್ಲದಿಂದ ಮಾಡಿದ ಪುರಿ ಬೇಗ ಮೆತ್ತಗಾಗುತ್ತದೆ. ಕೊಬ್ಬರಿಯನ್ನು ತುರಿಯುವ ಮುನ್ನ ಒಂದು ಚೂರು ಬಾಯಿಗೆ ಹಾಕಿ ನೋಡುವುದು ಒಳ್ಳೆಯದು. ಕಮಟು ವಾಸನೆಯ ಒಂದೇ ಹೋಳು ಡಬ್ಬಿಯಷ್ಟನ್ನೂ ಕೆಡಿಸಬಲ್ಲದು.

ಮಾಡುವ ಕ್ರಮ

ಮೊದಲು ಪುರಿಯನ್ನು ಜರಡಿ ಹಿಡಿದು, ಉಳಿದ ಮರಳಿನ ಕಣಗಳನ್ನು ತೆಗೆಯಬೇಕು. ಅನಂತರ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೂರು ನಾಲ್ಕು ನಿಮಿಷ ಕೈಯಾಡಿಸುತ್ತ ಬಿಸಿ ಮಾಡಬೇಕು. ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿದಾಗ ಸದ್ದು ಮಾಡಿ ಪುಡಿಯಾದರೆ ಪುರಿ ಸಿದ್ಧವೆಂದು ತಿಳಿಯಬಹುದು. ಮಳೆಗಾಲದಲ್ಲಿ ಈ ಕೆಲಸವನ್ನು ಎಂದೂ ಬಿಡಬಾರದು. ಕಡಲೆಕಾಯಿ ಬೀಜವನ್ನು ಬೇರೆಯಾಗಿ ಹುರಿದು, ಆರಿದ ಮೇಲೆ ಉಜ್ಜಿ ಸಿಪ್ಪೆ ಊದಿ, ಬೇಳೆ ಒಡೆದಿಟ್ಟುಕೊಳ್ಳಬೇಕು. ಕೊಬ್ಬರಿ ತುರಿಯನ್ನು ಬೆಚ್ಚಗೆ ಮಾಡಿದರೆ ಸಾಕು. ಪುರಿ, ಬೀಜ, ಹುರಿಗಡಲೆ, ಕೊಬ್ಬರಿ ಎಲ್ಲವನ್ನೂ ಅಗಲವಾದ ಒಣ ಪಾತ್ರೆಯಲ್ಲಿ ಸೇರಿಸಿ ಒಲೆಯ ಬಳಿಯೇ ಇಟ್ಟುಕೊಳ್ಳಬೇಕು. ದೊಡ್ಡ ತಟ್ಟೆಯೊಂದಕ್ಕೆ ತುಪ್ಪ ಸವರಿಡಬೇಕು. ಪಾಕ ಬಂದ ಮೇಲೆ ಇವನ್ನು ಹುಡುಕಲು ಹೊರಟರೆ ಪಾಕ ಕಾಯುವುದಿಲ್ಲ.

ಇನ್ನು ಪಾಕ. ಬೆಲ್ಲಕ್ಕೆ ನೀರು ಬೆರೆಸಿ ಕರಗಿಸಿ, ಕಲ್ಲು ಕಸ ಹೋಗುವಂತೆ ಶೋಧಿಸಿ, ಮತ್ತೆ ಒಲೆಯ ಮೇಲಿಟ್ಟು ಮಧ್ಯಮ ಉರಿಯಲ್ಲಿ ಕುದಿಸಬೇಕು. ಕುದಿದಂತೆಲ್ಲ ನೀರು ಕಡಿಮೆಯಾಗುತ್ತದೆ, ಶಾಖ ಏರುತ್ತದೆ. ಬಟ್ಟಲಲ್ಲಿ ತಣ್ಣೀರಿಟ್ಟುಕೊಂಡು ಆಗಾಗ ಒಂದು ತೊಟ್ಟು ಪಾಕವನ್ನು ಅದರಲ್ಲಿ ಬಿಟ್ಟು ನೋಡಬೇಕು. ತೊಟ್ಟು ಕರಗಿ ಹರಡಿದರೆ ಪಾಕ ಎಳೆಯದು. ಕೂಡಿಸಿದಾಗ ಮೆತ್ತನೆಯ ಉಂಡೆಯಾದರೆ ಅದು ಉಂಡೆಪಾಕ. ಆಗ ಶಾಖ 112ರಿಂದ 116 ಡಿಗ್ರಿ ಸೆಲ್ಷಿಯಸ್, ಪಾಕದಲ್ಲಿ ಇನ್ನೂ ಸುಮಾರು ನೂರಕ್ಕೆ 15 ಪಾಲು ನೀರಿರುತ್ತದೆ. ಸಿಹಿ ಪುರಿಗೆ ಅದು ಸಾಲದು. ನೀರಿನಿಂದ ತೆಗೆದ ತುಣುಕು ತಟ್ಟೆಗೆ ಹಾಕಿದರೆ ಟಣ್ ಎನ್ನಬೇಕು, ಮುರಿದರೆ ಗಾಜಿನಂತೆ ಚಟ್ಟನೆ ಮುರಿಯಬೇಕು. ಈ ಹದದಲ್ಲಿ ಪಾಕದ ನೀರು ನೂರಕ್ಕೆ ಒಂದೆರಡು ಪಾಲಿಗೆ ಇಳಿದಿರುತ್ತದೆ. ಅದಕ್ಕಿಂತ ಮುಂದೆ ಹೋದರೆ ಬೆಲ್ಲ ಸೀಯುತ್ತದೆ, ಕಹಿ ಬರುತ್ತದೆ.

ಹದ ಬಂದೊಡನೆ ಒಲೆಯಿಂದಿಳಿಸಿ, ತುಪ್ಪವನ್ನೂ ಏಲಕ್ಕಿ ಪುಡಿಯನ್ನೂ ಹಾಕಿ, ಪುರಿಯ ಮೇಲೆ ಸುತ್ತಲೂ ಎಳೆ ಎಳೆಯಾಗಿ ಸುರಿಯಬೇಕು. ಮರದ ಸೌಟುಗಳೆರಡನ್ನು ಹಿಡಿದು ಕೆಳಗಿನದು ಮೇಲಕ್ಕೆ ಬರುವಂತೆ ಬೇಗ ಬೇಗ ಹೊರಳಿಸಬೇಕು. ಪಾಕವೆಲ್ಲ ಹಿಡಿದ ಮೇಲೆ ತುಪ್ಪ ಸವರಿದ ತಟ್ಟೆಯಲ್ಲಿ ಹರಡಿ, ಕೈ ಸೋಕುವಷ್ಟು ಆರಿದಾಗ ಅಂಟಿಕೊಂಡ ಗಂಟುಗಳನ್ನು ಬಿಡಿಸಬೇಕು. ಉಂಡೆ ಕಟ್ಟುವವರು ಬಿಸಿಯಿರುವಾಗಲೇ ಕಟ್ಟಬೇಕಾಗುತ್ತದೆ. ಕೂಟಕ್ಕೆ ಬಿಡಿ ಬಿಡಿಯಾದ ಪುರಿಯೇ ಅನುಕೂಲ.

ಪೂರ್ಣವಾಗಿ ಆರುವ ಮುನ್ನ ಡಬ್ಬಿಗೆ ತುಂಬುವ ಆತುರ ಬೇಡ. ಒಳಗಿನ ಬಿಸಿಗೆ ಮುಚ್ಚಳದಲ್ಲಿ ಬೆವರು ಕಟ್ಟಿ, ಅದೇ ನೀರು ಪುರಿಯ ಮೇಲೆ ತೊಟ್ಟಿಕ್ಕುತ್ತದೆ. ಆರಿದ ಮೇಲೆ ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಟ್ಟು, ಕೂಟದ ಸಂಜೆ ಅತಿಥಿಗಳು ಬಂದ ಮೇಲೆಯೇ ತೆಗೆಯಬೇಕು.

ಸಾಗರದಾಚೆಯ ಸೋದರಿ

ಉಬ್ಬಿಸಿದ ಧಾನ್ಯಕ್ಕೆ ಸಿಹಿ ಹಿಡಿಸುವ ಯುಕ್ತಿ ಕನ್ನಡ ನಾಡಿಗೆ ಮಾತ್ರ ತಿಳಿದದ್ದೇನಲ್ಲ. ಅಮೆರಿಕದಲ್ಲಿ ಅಲೆಕ್ಸಾಂಡರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ 1901ರಲ್ಲಿ ಮುಚ್ಚಿದ ಗಾಜಿನ ನಳಿಗೆಯಲ್ಲಿ ಧಾನ್ಯದ ಪಿಷ್ಟವನ್ನು ಕಾಯಿಸಿ, ನಳಿಗೆಯನ್ನು ಒಡೆದಾಗ ಅದು ಉಬ್ಬುವುದನ್ನು ಕಂಡನು. 1904ರ ಸೇಂಟ್ ಲೂಯಿಸ್ ಮಹಾಪ್ರದರ್ಶನದಲ್ಲಿ ಅಕ್ಕಿಯನ್ನು ಫಿರಂಗಿಯಂಥ ಯಂತ್ರದಿಂದ ಹಾರಿಸಿ ಜನರನ್ನು ಬೆರಗುಗೊಳಿಸಿದರು. ಮರಳಿನ ಬಾಣಲೆ ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ಫಿರಂಗಿ ಮಾಡಿತು.

ಮುಂದೆ ಅಲ್ಲಿನ ಮನೆಗಳಲ್ಲಿ ಬೆಳಗಿನ ಉಪಾಹಾರದ ಧಾನ್ಯಗಳಿಂದ ಕೂಟದ ತಿನಿಸು ಮಾಡುವುದು ರೂಢಿಗೆ ಬಂತು. ಅವುಗಳಲ್ಲಿ ಒಂದಕ್ಕೆ ‘ಪಪ್ಪಿ ಚೌ’, ಎಂದರೆ ನಾಯಿಮರಿಯ ಆಹಾರ ಎಂಬ ವಿಚಿತ್ರ ಹೆಸರು. ನೋಡಲು ನಾಯಿಯ ತಿನಿಸಿನಂತಿರುವುದರಿಂದ ಈ ನಾಮಕರಣ. ರುಚಿಗೂ ಹೆಸರಿಗೂ ಸಂಬಂಧವಿಲ್ಲ. ಜಾಲರಿಯಂತಿರುವ ಅಕ್ಕಿಯ ‘ಚೆಕ್ಸ್’ ಎಂಬ ತುಣುಕುಗಳನ್ನು 9 ಬಟ್ಟಲು ತೆಗೆದುಕೊಳ್ಳುತ್ತಾರೆ. ಒಂದು ಬಟ್ಟಲು ಚಾಕೊಲೇಟ್ ಚೂರು, ಅರ್ಧ ಬಟ್ಟಲು ಕಡಲೆಕಾಯಿಯ ಬೆಣ್ಣೆ, ಕಾಲು ಬಟ್ಟಲು ಬೆಣ್ಣೆ ಇವನ್ನು ಒಟ್ಟಿಗೆ ಕರಗಿಸಿ, ಅದರಲ್ಲಿ ತುಣುಕುಗಳನ್ನು ಹೊರಳಿಸಿ, ಕೊನೆಗೆ ಒಂದೂವರೆ ಬಟ್ಟಲು ನುಣುಪಾದ ಸಕ್ಕರೆ ಪುಡಿಯಲ್ಲಿ ಕುಲುಕುತ್ತಾರೆ.

ಇಲ್ಲಿಯೂ ನಿಯಮ ಅದೇ. ಚಾಕೊಲೇಟಿನಲ್ಲಿ ನೀರಿಲ್ಲ, ಕೊಬ್ಬು ಕರಗಿ ಮೆತ್ತಿಕೊಂಡು ಆರಿದಾಗ ಗಟ್ಟಿಯಾಗುತ್ತದೆ, ಕಾಳು ಗರಿಗರಿಯಾಗಿಯೇ ಉಳಿಯುತ್ತದೆ. ಕರಗಿಸುವಾಗ ಒಂದೆರಡು ಹನಿ ನೀರು ಬಿದ್ದರೂ ಚಾಕೊಲೇಟು ಹಿಟ್ಟಿನಂತೆ ಗಂಟುಗಟ್ಟುತ್ತದೆ. ಇದನ್ನು ಪುರಿ ಅಥವಾ ಕಾರ್ನ್‌ಫ್ಲೇಕ್ಸ್‌ನಿಂದಲೂ ಮಾಡಿ ನೋಡಬಹುದು. ಬಿಸಿನೀರಿನ ಪಾತ್ರೆಯ ಮೇಲೆ ಒಣ ಬಟ್ಟಲಿಟ್ಟು, ಆವಿ ಒಳಗೆ ನುಗ್ಗದಂತೆ ಚಾಕೊಲೇಟನ್ನು ಕರಗಿಸಿಕೊಂಡರಾಯಿತು. ಆದರೆ ಬೇಸಗೆಯ ಮಧ್ಯಾಹ್ನಗಳಲ್ಲಿ ಇದು ಕೈಗೆ ಅಂಟುತ್ತದೆ. ಬೆಲ್ಲದ ಪುರಿಗೆ ಮಳೆಗಾಲ ಶತ್ರು, ಚಾಕೊಲೇಟಿನ ಪುರಿಗೆ ಬೇಸಗೆ ಶತ್ರು. ಋತು ನೋಡಿ ಆರಿಸಿಕೊಳ್ಳುವುದು ಜಾಣತನ.

ಮರೆಯಬಾರದ ಎಚ್ಚರಿಕೆಗಳು

ಕೂಟಕ್ಕೆ ಬರುವ ಮಕ್ಕಳೆಲ್ಲ ಒಂದೇ ವಯಸ್ಸಿನವರಲ್ಲ. ಅಣ್ಣನ ಕೈಹಿಡಿದು ಬಂದ ಎರಡು ವರ್ಷದ ತಂಗಿಯೂ ಬಟ್ಟಲಿಗೆ ಕೈ ಹಾಕುತ್ತಾಳೆ. ಕಡಲೆಕಾಯಿ ಬೀಜ, ಹುರಿಗಡಲೆಯಂಥ ಗಟ್ಟಿ ಕಾಳುಗಳು ಚಿಕ್ಕ ಮಕ್ಕಳ ಉಸಿರುನಾಳಕ್ಕೆ ಇಳಿದು ಪ್ರಾಣಕ್ಕೇ ಅಪಾಯ ತರಬಹುದು. ಐದು ವರ್ಷ ತುಂಬದ ಮಕ್ಕಳಿಗೆ ಇಂಥ ಕಾಳುಗಳನ್ನು ಇಡಿಯಾಗಿ ಕೊಡದಿರುವುದೇ ಕ್ಷೇಮ. ಅವರಿಗಾಗಿ ಕಾಳುಗಳಿಲ್ಲದ ಪುರಿಯನ್ನು ಬೇರೆ ಬಟ್ಟಲಲ್ಲಿ, ಗಂಟುಗಳನ್ನು ಬಿಡಿಸಿ ಇಡಬೇಕು. ಕೂತು ತಿನ್ನುವಂತೆ ನೋಡಿಕೊಳ್ಳಬೇಕು. ಬಾಯಲ್ಲಿ ತಿನಿಸಿಟ್ಟುಕೊಂಡು ಓಡುವ, ನಗುವ ಹೊತ್ತಿನಲ್ಲಿಯೇ ಅಪಘಾತ ಸಂಭವಿಸುವುದು ಹೆಚ್ಚು.

ಕಡಲೆಕಾಯಿ ಒಗ್ಗದ ಮಕ್ಕಳೂ ಇದ್ದಾರೆ. ಕೆಲವರಿಗೆ ಒಂದು ಬೀಜದ ಚೂರೇ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವುದಕ್ಕೆ ಸಾಕು. ಕರೆಯಲು ಹೋದಾಗಲೇ, “ನಿಮ್ಮ ಮಗುವಿಗೆ ಒಗ್ಗದ ಪದಾರ್ಥ ಏನಾದರೂ ಇದೆಯೇ?” ಎಂದು ತಾಯಿಯನ್ನು ಕೇಳಿಬಿಡುವುದು ಒಳ್ಳೆಯ ಪದ್ಧತಿ. ಅದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಪಾಕ ಕುದಿಯುವಾಗ ಮಕ್ಕಳು ಅಡಿಗೆಮನೆಯಲ್ಲಿರಬಾರದು. ಅದು ಕುದಿಯುವ ನೀರಿಗಿಂತ ಬಹಳ ಬಿಸಿ. ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಅಕಸ್ಮಾತ್ ಸುಟ್ಟರೆ ಕೂಡಲೇ ಆ ಭಾಗವನ್ನು ಹರಿಯುವ ತಣ್ಣೀರಿಗೆ 20 ನಿಮಿಷ ಒಡ್ಡಬೇಕು. ಬೆಣ್ಣೆ, ಅರಿಸಿನ ಮೆತ್ತಬಾರದು. ಗಾಯ ದೊಡ್ಡದಾದರೆ ವೈದ್ಯರ ಬಳಿಗೆ ಹೋಗಲು ತಡ ಮಾಡಬಾರದು.

ಬೆಲ್ಲ ಸಕ್ಕರೆಯಲ್ಲವೆಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಮೇಲೆ ಕೊಟ್ಟ ಅಳತೆಯಲ್ಲಿ ಹನ್ನೆರಡು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಸುಮಾರು 12 ಗ್ರಾಂ ಬೆಲ್ಲ ಬರುತ್ತದೆ. ಕೇಕು, ಪಾನಕ, ಮಿಠಾಯಿಗಳೂ ಇರುವ ದಿನ ಅಷ್ಟಕ್ಕೇ ನಿಲ್ಲಿಸುವುದು ಲೇಸು. ಮಧುಮೇಹವಿರುವ ಹಿರಿಯರಿಗೆ ಬೆಲ್ಲ ಹಾಕದೆ, ಒಗ್ಗರಣೆ ಕೊಟ್ಟ ಖಾರದ ಪುರಿಯನ್ನು ಪ್ರತ್ಯೇಕವಾಗಿಟ್ಟರೆ ಅವರೂ ಮಕ್ಕಳ ಜೊತೆ ಕೂತು ಬಾಯಾಡಿಸಬಹುದು.

ಬಡಿಸುವಾಗ ಒಂದೇ ದೊಡ್ಡ ಪಾತ್ರೆಗಿಂತ ಕಾಗದದ ಪೊಟ್ಟಣಗಳು ಮೇಲು. ಒದ್ದೆ ಕೈ ಡಬ್ಬಿಯೊಳಗೆ ಹೋಗುವುದಿಲ್ಲ, ಪಾಲಿನಲ್ಲಿ ಜಗಳವಿಲ್ಲ, ಉಳಿದದ್ದನ್ನು ಮಗು ಮನೆಗೆ ಒಯ್ಯಬಹುದು. ಪೊಟ್ಟಣ ಕಟ್ಟುವ ಕೆಲಸವನ್ನು ಹುಟ್ಟುಹಬ್ಬದ ಮಗುವಿಗೂ ಅದರ ತಂದೆಗೂ ವಹಿಸಿಬಿಡಬಹುದು. ಪಾಕದ ಹದ ತಿಳಿಯದವರಿಗೂ ಅಷ್ಟು ಕೆಲಸ ತಿಳಿದೇ ಇರುತ್ತದೆ. ಹಾಗಾದಾಗ ಸಂಜೆ ಕೇಕು ಕತ್ತರಿಸುವ ಹೊತ್ತಿಗೆ ಒಲೆ ಆರಿರುತ್ತದೆ, ಅಮ್ಮ ಮಗುವಿನ ಪಕ್ಕದಲ್ಲಿ ನಿಂತಿರುತ್ತಾಳೆ.