ಬಣ್ಣದ ಮೀನು, ನೀರಿನ ಹೊಣೆ

ಹವ್ಯಾಸವೆಂದರೆ ಹೊತ್ತು ಕಳೆಯುವ ಉಪಾಯ ಎಂದೇ ಹಲವರ ಭಾವನೆ. ಆದರೆ ಜೀವವಿರುವ ಒಂದನ್ನು ಮನೆಗೆ ತಂದ ದಿನದಿಂದ ಹವ್ಯಾಸವು ಹೊಣೆಗಾರಿಕೆಯಾಗುತ್ತದೆ. ಕೋಯಿ ಮೀನು ಸಾಕುವವರು ಇದನ್ನು ಬಲ್ಲರು.

ಕೋಯಿ ನಮಗೆ ತೀರಾ ಅಪರಿಚಿತವಲ್ಲ. ನಮ್ಮ ಕೆರೆಗಳಲ್ಲಿ ಆಹಾರಕ್ಕಾಗಿ ಸಾಕುವ ಸಾಮಾನ್ಯ ಗೆಂಡೆಯ ಬಣ್ಣದ ಬಳಗವೇ ಅದು. ಜಪಾನಿನ ನಿಗಾಟ ಪ್ರಾಂತದ ಯಮಕೋಶಿ ಗುಡ್ಡಗಳ ಭತ್ತದ ರೈತರು, ಹಿಮ ಸುರಿಯುವ ಚಳಿಗಾಲದ ಆಹಾರಕ್ಕೆಂದು ಹೊಂಡಗಳಲ್ಲಿ ಗೆಂಡೆ ಸಾಕುತ್ತಿದ್ದರು. 19ನೆಯ ಶತಮಾನದಲ್ಲಿ ಅವುಗಳ ನಡುವೆ ಬಣ್ಣದ ಮರಿಗಳು ಕಾಣಿಸಿಕೊಂಡವು. ರೈತರು ಅವನ್ನು ಸಾರಿಗೆ ಹಾಕದೆ ಉಳಿಸಿ ತಳಿ ಬೆಳೆಸಿದರು. 1914ರ ಟೋಕಿಯೊ ವಸ್ತುಪ್ರದರ್ಶನದಿಂದ ಅವು ನಾಡಿಗೆಲ್ಲ ಪರಿಚಿತವಾದವು.

ತೀರ್ಪು ಹೇಗೆ?

ಸ್ಪರ್ಧೆಯಲ್ಲಿ ಮೀನುಗಳನ್ನು ತಳಿ ಮತ್ತು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ನೀಲಿ ತೊಟ್ಟಿಗಳಲ್ಲಿ ಬಿಡುತ್ತಾರೆ. ತೀರ್ಪುಗಾರರು ಮೇಲಿನಿಂದ ನೋಡುತ್ತಾರೆ. ಬಣ್ಣಕ್ಕಿಂತ ಮೊದಲು ಮೈಕಟ್ಟು ಮುಖ್ಯ. ಬೆನ್ನು ನೇರವಾಗಿರಬೇಕು, ಈಜು ಸರಾಗವಾಗಿರಬೇಕು. ಆಮೇಲೆ ಚರ್ಮದ ಹೊಳಪು, ಬಣ್ಣದ ಗಾಢತೆ, ಕೊನೆಗೆ ಚಿತ್ತಾರ. ಬಿಳಿ ಮೈ ಮೇಲೆ ಕೆಂಪು ಇದ್ದರೆ ಕೊಹಾಕು. ಅದಕ್ಕೆ ಕಪ್ಪು ಮಚ್ಚೆ ಸೇರಿದರೆ ಸಾಂಕೆ. ಬೆಳೆದಂತೆ ಕೆಂಪು ಮಾಸಬಹುದು, ಅಡಗಿದ್ದ ಕಪ್ಪು ಮೇಲೇಳಬಹುದು. ಆದ್ದರಿಂದ ತೀರ್ಪುಗಾರನ ಕಣ್ಣು ಪಳಗಲು ವರ್ಷಗಳೇ ಬೇಕು. ಹೊರಗಿನ ಬಣ್ಣಕ್ಕೆ ಮರುಳಾಗುವವನು ಒಳ್ಳೆಯ ತೀರ್ಪುಗಾರನಾಗಲಾರ.

ನೀರೇ ಜೀವ

ಮೀನು ಸಾಕುವುದೆಂದರೆ ನಿಜವಾಗಿ ನೀರನ್ನು ಸಾಕುವುದು. ಮೀನು ಹೊರಬಿಡುವ ಅಮೋನಿಯ ಅದಕ್ಕೇ ವಿಷ. ಫಿಲ್ಟರಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಹಂತ ಹಂತವಾಗಿ ನೈಟ್ರೇಟ್ ಆಗಿಸುತ್ತವೆ. ಈ ವ್ಯವಸ್ಥೆ ನೆಲೆಗೊಳ್ಳಲು ಹಲವು ವಾರಗಳು ಬೇಕು. ಹೊಸ ಸಿಮೆಂಟ್ ತೊಟ್ಟಿಯಾದರೆ ನೀರು ತುಂಬಿಸಿ, ಚೆಲ್ಲಿ, ಸುಣ್ಣದ ಅಂಶ ಹೋದ ಮೇಲೆಯೇ ಮೀನು ಬಿಡಬೇಕು. ಕ್ಲೋರಿನ್ ಬೆರೆತ ನಲ್ಲಿ ನೀರನ್ನು ನೇರವಾಗಿ ಸುರಿಯಬಾರದು. ಕೋಯಿ ಎರಡಡಿಗೂ ಮೀರಿ ಬೆಳೆಯಬಲ್ಲದು, ದಶಕಗಳ ಕಾಲ ಬದುಕಬಲ್ಲದು. ಗಾಜಿನ ಬುರುಡೆ ಅದಕ್ಕೆ ಸೆರೆಮನೆ.

2004ರ ಅಕ್ಟೋಬರ್ 23ರಂದು ನಿಗಾಟದಲ್ಲಿ ಭಾರೀ ಭೂಕಂಪವಾಯಿತು. ಯಮಕೋಶಿಯ ಜನರೆಲ್ಲ ಊರು ತೊರೆಯಬೇಕಾಯಿತು. ಹೊಂಡಗಳು ಒಡೆದು ಅಸಂಖ್ಯ ಮೀನುಗಳು ಸತ್ತವು. ಉಳಿದ ತಾಯಿ ಮೀನುಗಳನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಲಾಯಿತು. ಊರಿಗೆ ಮರಳಿದವರು ಹೊಂಡಗಳನ್ನು ಮತ್ತೆ ಕಟ್ಟಿದರು. ತಲೆಮಾರುಗಳ ದುಡಿಮೆಯನ್ನು ಅವರು ಕೈಬಿಡಲಿಲ್ಲ.

ಇಸ್ಲಾಮ್ ಇಂತಹ ಹವ್ಯಾಸವನ್ನು ನಿಷೇಧಿಸಿಲ್ಲ. ಅಬೂ ಉಮೈರ್ ಎಂಬ ಬಾಲಕ ಸಾಕಿದ್ದ ಪುಟ್ಟ ಹಕ್ಕಿಯ ಬಗ್ಗೆ ಪ್ರವಾದಿವರ್ಯರು(ಸ) ಪ್ರೀತಿಯಿಂದ ವಿಚಾರಿಸಿದ್ದರು. ಆದರೆ ಬೆಕ್ಕನ್ನು ಕಟ್ಟಿಹಾಕಿ, ಆಹಾರವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದ ಮಹಿಳೆ ಶಿಕ್ಷೆಗೆ ಗುರಿಯಾದಳೆಂದೂ ಅವರು ಎಚ್ಚರಿಸಿದ್ದಾರೆ. ಸಾಕುವುದು ತಪ್ಪಲ್ಲ, ಸಾಕಿ ಮರೆಯುವುದು ತಪ್ಪು.

ಬಿಳಿಗೆರೆ, ತಿಪಟೂರು, ತುರುವೇಕೆರೆಯಂತಹ ತೆಂಗಿನ ಸೀಮೆಯಲ್ಲಿ ಬೋರ್‌ವೆಲ್ ಬತ್ತಿದಾಗ ನೀರಿನ ಬೆಲೆ ಏನೆಂದು ಎಲ್ಲರಿಗೂ ಗೊತ್ತು. ಅಲ್ಲಿ ಮೀನಿನ ತೊಟ್ಟಿಯಿಂದ ತೆಗೆದ ನೀರನ್ನು ಚರಂಡಿಗೆ ಬಿಡದೆ ತೆಂಗಿನ ಬುಡಕ್ಕೆ ಹಾಯಿಸಿದರೆ ಗಿಡಕ್ಕೆ ಗೊಬ್ಬರವೂ ಆದೀತು, ದುಂದುವೆಚ್ಚವೂ ತಪ್ಪೀತು. ಬೇಡವಾದ ಮೀನನ್ನು ಕೆರೆಗೆ ಬಿಡಬೇಡಿ. ಅದು ತಳ ಕೆದಕಿ ನೀರನ್ನು ಬಗ್ಗಡ ಮಾಡುತ್ತದೆ. ಮಗು ಬಣ್ಣದ ಮೀನು ಬೇಕೆಂದು ಹಟ ಹಿಡಿದರೆ, ಮೊದಲು ಒಂದು ತಿಂಗಳು ತೊಟ್ಟಿಯ ನೀರನ್ನು ನೋಡಿಕೊಳ್ಳಲು ಹೇಳಿ. ಆ ತಾಳ್ಮೆ ಬಂದ ಮೇಲೆ ಮೀನು ತಂದುಕೊಡಿ.