ಸಂಜೆ ಆರೂವರೆಯನ್ನು ದಾಟುವುದು

ಕುಡಿತ ಬಿಟ್ಟ ಹೊಸದರಲ್ಲಿ ಊರವರೆಲ್ಲ ಹೇಳುವ ಬುದ್ಧಿಮಾತು ಒಂದೇ: ‘ಮನಸ್ಸು ಗಟ್ಟಿ ಮಾಡ್ಕೊ ಕಣಪ್ಪ.’ ಹೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರ ಮನಸ್ಸೂ ಗಟ್ಟಿಯಾಗಿಯೇ ಇರುತ್ತದೆ. ತೆರಕಣಾಂಬಿ ಮಾರುಕಟ್ಟೆಯಲ್ಲಿ ದಿನವಿಡೀ ಟೊಮೆಟೊ ಕ್ರೇಟು ಹೊತ್ತು, ಬಾಡಿಗೆ ದುಡ್ಡು ಜೇಬಿಗೆ ಬಿದ್ದು, ಹೊಟ್ಟೆ ಖಾಲಿಯಾಗಿ ಬೆನ್ನು ನೋಯುತ್ತಿರುವ ಸಂಜೆ ಆರೂವರೆಗೆ, ಬಾರಿನ ಪಕ್ಕದ ಗಾಡಿಯಿಂದ ಮೊಟ್ಟೆ ಬುರ್ಜಿ ವಾಸನೆ ಬಂದರೆ ಆ ಗಟ್ಟಿತನ ನಿಲ್ಲುವುದಿಲ್ಲ. ಆಗ ಬೇಕಾಗುವುದು ಮುಂಚೆಯೇ ಮಾಡಿಟ್ಟುಕೊಂಡ ಏರ್ಪಾಡು. ಇದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನಾನು ಗುಂಡ್ಲುಪೇಟೆ ಕಡೆಯವನು. ತರಕಾರಿ ತುಂಬಿಕೊಂಡು ಕೇರಳದ ಸುಲ್ತಾನ್ ಬತ್ತೇರಿಗೆ ಪಿಕಪ್ ಓಡಿಸುತ್ತೇನೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, 2009ರಿಂದ ಈ ನಿಯಮವಿದೆ. ಪ್ರಾಣಿಗಳಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಲೋಡು ತಡವಾಗಿ ಮದ್ದೂರು ಚೆಕ್‌ಪೋಸ್ಟ್ ಮುಚ್ಚಿದ ಮೇಲೆ ತಲುಪುವ ಡ್ರೈವರಿಗೆ ಇಡೀ ರಾತ್ರಿ ಮಾಡಲು ಕೆಲಸವಿರುವುದಿಲ್ಲ. ನಾಲ್ಕು ಜನ ಸೇರುತ್ತಾರೆ. ಒಬ್ಬ 90 ಎಂಎಲ್ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿಯುತ್ತಾನೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಹೆಂಗಸರೆಲ್ಲ ಬದುಕಿದೆವು ಅಂದುಕೊಂಡಿದ್ದರು. ಅದರ ಜಾಗಕ್ಕೆ ಈ ಪ್ಯಾಕೆಟ್ಟು ಬಂತು. ನನ್ನ ಕುಡಿತ ಬೆಳೆದದ್ದು ಅಂಥ ಖಾಲಿ ರಾತ್ರಿಗಳಲ್ಲಿ.

ಬಿಡುವವರು ಮೊದಲು ತಿಳಿಯಬೇಕಾದದ್ದು ದೇಹದ ವಿಷಯ. ವರ್ಷಗಟ್ಟಲೆ ದಿನಾ ಕುಡಿದ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನನ್ನು ತಾನೇ ಉದ್ರೇಕಿಸಿಕೊಂಡು ಸಮ ಮಾಡಿಕೊಂಡಿರುತ್ತದೆ. ಕುಡಿತ ಒಮ್ಮೆಲೇ ನಿಂತರೆ ಆ ಉದ್ರೇಕವೊಂದೇ ಉಳಿಯುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಇನ್ನು ಕೆಲವರು ಎರಡು ಮೂರನೆಯ ದಿನ ಇಲ್ಲದ್ದನ್ನು ಕಂಡು ಬಡಬಡಿಸುತ್ತಾರೆ. ಇದರಲ್ಲಿ ಪ್ರಾಣ ಹೋಗಬಹುದು. ನಮ್ಮ ಕಡೆ ‘ಗಾಳಿ ಮೆಟ್ಟಿಕೊಂಡದೆ’ ಎಂದು ತಾಯತ ಕಟ್ಟಿಸಲು ಓಡುತ್ತಾರೆ. ದಯವಿಟ್ಟು ಆಸ್ಪತ್ರೆಗೆ ಓಡಿ. ದಿನಾ ಬೆಳಿಗ್ಗೆ ಎದ್ದು ನಡುಕ ನಿಲ್ಲಿಸಲು ಕುಡಿಯುವವರು ವೈದ್ಯರಿಗೆ ತೋರಿಸದೆ ಮನೆಯಲ್ಲೇ ಥಟ್ಟನೆ ನಿಲ್ಲಿಸುವ ಸಾಹಸ ಮಾಡಬಾರದು.

ನಡುಕ ವಾರದೊಳಗೆ ಇಳಿಯುತ್ತದೆ. ಆಮೇಲೆ ಉಳಿಯುವುದು ಸೆಳೆತ. ನಾವು ‘ಬಾಯಿ ಕೇಳ್ತದೆ’ ಅನ್ನುತ್ತೇವೆ. ಗಂಟಲು ಒಣಗುತ್ತದೆ, ಎದೆ ಬಿಗಿಯುತ್ತದೆ, ಕಾಲು ತಾನಾಗಿಯೇ ಆ ಬೀದಿಗೆ ತಿರುಗುತ್ತದೆ. ಆ ವಾಸನೆ, ಆ ಗೆಳೆಯರು, ಆ ಹೊತ್ತು ಕಂಡೊಡನೆ ಮಿದುಳು ಗುಟುಕಿಗೆ ಸಿದ್ಧವಾಗಿ ನಿಲ್ಲುತ್ತದೆ. ವರ್ಷಗಳ ಅಭ್ಯಾಸದಿಂದ ಮೂಡಿದ ಗುರುತು ಅದು. ಮನುಷ್ಯ ಕೆಟ್ಟವನು ಎಂಬುದಕ್ಕೆ ಸಾಕ್ಷಿಯಲ್ಲ.

ಈ ಸೆಳೆತಕ್ಕೆ ಒಂದು ಅಳತೆ ಇದೆ ಎಂದು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಅದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಕುಡಿಯದಿದ್ದರೆ ಏರುತ್ತಲೇ ಹೋಗಿ ತಲೆ ಸಿಡಿಯುತ್ತದೆ ಎಂದು ಹೆದರುವುದರಿಂದಲೇ ಬಹಳ ಜನ ಕುಡಿಯುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನು ಸಮುದ್ರದ ಅಲೆ ಎಂದು ಹೇಳಿಕೊಟ್ಟರು: ಅಲೆಯ ಜೊತೆ ಗುದ್ದಾಡದೆ ಅದರ ಮೇಲೆ ತೇಲಿ ದಾಟಬೇಕು. ನಮಗೆ ಸಮುದ್ರ ಗೊತ್ತಿಲ್ಲ, ಆನೆ ಗೊತ್ತು. ಕಾಡಿನ ರಸ್ತೆಗೆ ಆನೆ ಬಂದರೆ ದೂರದಲ್ಲೇ ಗಾಡಿ ನಿಲ್ಲಿಸಿ, ಹಾರ್ನ್ ಹೊಡೆಯದೆ ಕಾಯುತ್ತೇವೆ. ಅದರ ಪಾಡಿಗೆ ಅದು ದಾಟುತ್ತದೆ. ಸೆಳೆತ ಬಂದಾಗ ಹೊಸದಾಗಿ ಬಿಟ್ಟವರಿಗೆ ನಾನು ಹೇಳುವುದು ಇಷ್ಟೇ: ಗಡಿಯಾರ ನೋಡು, ಕೂತುಕೊ, ಉಸಿರು ನಿಧಾನ ಬಿಡು, ಬಿಗಿತ ಎಲ್ಲಿದೆ ಎಂದು ಗಮನಿಸು.

ಹೋದ ಮಳೆಗಾಲದಲ್ಲಿ ಅಂಥ ಒಬ್ಬ ಹುಡುಗ ಫೋನ್ ಮಾಡಿದ್ದ. ಚಾಮರಾಜನಗರದ ಹತ್ತಿರ ಕರಿಕಲ್ಲಿನ ಕ್ವಾರಿಯಲ್ಲಿ ಕೆಲಸ, ಅವತ್ತು ಶನಿವಾರ, ಬಟವಾಡೆ ಆಗಿತ್ತು.

‘ಅಣ್ಣ, ಬಾಯಿ ಕೇಳ್ತಾ ಅದೆ.’

‘ಎಲ್ಲಿದ್ದೀಯ?’

‘ಬಸ್‌ಸ್ಟ್ಯಾಂಡ್ ತಾವು.’

‘ಉಂಡ್ಯಾ?’

‘ಇಲ್ಲ. ಬೆಳಿಗ್ಗೆ ತಿಂದಿದ್ದೆ.’

‘ಮೊದ್ಲು ಎರಡು ಬಾಳೆಹಣ್ಣು ತಗೊಂಡು ತಿನ್ನು. ಫೋನ್ ಕಟ್ ಮಾಡ್ಬೇಡ. ತಿಂತಾ ಊರ ಬಸ್ಸು ಹತ್ತು.’

ಹಣ್ಣು ಜಗಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಕೆಲಸ, ಮೇಸ್ತ್ರಿ, ಅವನ ಕೂಸಿನ ಜ್ವರ, ಏನೇನೋ ಮಾತಾಡಿದೆವು. ಬಸ್ಸು ಊರು ದಾಟುವ ಹೊತ್ತಿಗೆ ಅವನ ದನಿ ಸಡಿಲವಾಗಿತ್ತು. ಆ ದಿನ ಅವನನ್ನು ಉಳಿಸಿದ್ದು ಹೊಟ್ಟೆಗೆ ಬಿದ್ದ ಹಣ್ಣು, ಕಿವಿಯಲ್ಲಿದ್ದ ಒಂದು ದನಿ ಮತ್ತು ಬಾರಿನಿಂದ ದೂರ ಒಯ್ದ ಬಸ್ಸು.

ಹಸಿವು, ಸಿಟ್ಟು, ಒಂಟಿತನ, ಸುಸ್ತು. ಈ ನಾಲ್ಕರಲ್ಲಿ ಒಂದಿದ್ದರೂ ಸೆಳೆತಕ್ಕೆ ಬಲ ಬರುತ್ತದೆ ಎಂದು ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಲ್ಲಿ ಹೇಳುವುದುಂಟು. ನನ್ನ ಮಟ್ಟಿಗೆ ಹಸಿವೇ ದೊಡ್ಡದು. ಮೊದಲ ತಿಂಗಳುಗಳಲ್ಲಿ ನನ್ನ ಅಕ್ಕ ಸಂಜೆ ಆರಕ್ಕೇ ಮುದ್ದೆ ಕಟ್ಟಿ, ಉಪ್ಸಾರು ಬಿಸಿ ಮಾಡಿ ಕಾಯುತ್ತಿದ್ದಳು. ಉಪದೇಶವಿಲ್ಲ, ಅಳುವಿಲ್ಲ. ‘ಮೊದ್ಲು ಉಣ್ಣು, ಆಮೇಲೆ ಎಲ್ಲಿಗಾರ ಓಗು’ ಅನ್ನುತ್ತಿದ್ದಳು. ಮುದ್ದೆ ಉಂಡ ಮೇಲೆ ಎಲ್ಲಿಗೂ ಹೋಗಬೇಕು ಅನ್ನಿಸುತ್ತಿರಲಿಲ್ಲ. ಬಾಡಿಗೆ ದುಡ್ಡನ್ನು ಮಂಡಿಯವರು ನೇರ ಹೆಂಡತಿಯ ಖಾತೆಗೆ ಹಾಕುವಂತೆ ಮಾಡಿಕೊಂಡೆ. ಬಾರು ತಪ್ಪಿಸಲು ಸುತ್ತು ದಾರಿ ಹಿಡಿದೆ. ಓಣಂ ಹತ್ತಿರ ಬಂದಾಗ ಕೇರಳಕ್ಕೆ ಲೋಡು ಜಾಸ್ತಿ, ಕೈಯಲ್ಲಿ ಕಾಸೂ ಜಾಸ್ತಿ. ಆ ಸಮಯದಲ್ಲಿ ಈಗಲೂ ಜೊತೆಗೆ ಒಬ್ಬರನ್ನು ಕರೆದುಕೊಂಡೇ ಹೋಗುತ್ತೇನೆ.

ನಮ್ಮಲ್ಲಿ ಮಾದಪ್ಪನ ಮೇಲೆ ಆಣೆ ಇಟ್ಟು ಬಿಡುವವರಿದ್ದಾರೆ, ಅಯ್ಯಪ್ಪನ ಮಾಲೆ ಹಾಕಿ ಬಿಡುವವರಿದ್ದಾರೆ. ನಾನು ಅದನ್ನು ಹಗುರವಾಗಿ ನೋಡುವುದಿಲ್ಲ. ಮಾಲೆ ಹಾಕಿದವನಿಗೆ ನಸುಕಿನ ಸ್ನಾನವಿದೆ, ಸಂಜೆ ಭಜನೆಯಿದೆ, ಹೊತ್ತಿಗೆ ಊಟವಿದೆ, ಜೊತೆಗೆ ಸ್ವಾಮಿಗಳಿದ್ದಾರೆ. ಆರೂವರೆಯ ಹೊತ್ತು ತುಂಬಿರುತ್ತದೆ. ಮಾಲೆ ತೆಗೆದ ಮೇಲೆ ಆ ಹೊತ್ತು ಮತ್ತೆ ಖಾಲಿ, ಆಗಲೇ ಜಾರುವುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೂ ಬಿಟ್ಟವರ ನವಜೀವನ ಸಮಿತಿಯಲ್ಲಿ ಸೇರುತ್ತಿರಬೇಕು ಎನ್ನುವುದು ಇದಕ್ಕೇ. ಬಿಡುವುದಕ್ಕೆ ಎಂಟು ದಿನ ಸಾಕಾಗಬಹುದು, ಬಿಟ್ಟೇ ಇರುವುದಕ್ಕೆ ಜೊತೆ ಬೇಕು.

ಔಷಧಿಯೂ ಇದೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳು ಸೆಳೆತವನ್ನು ತಗ್ಗಿಸುತ್ತವೆ. ಯಾರಿಗೆ ಯಾವುದು ಎಂಬುದನ್ನು ಯಕೃತ್ತು, ಮೂತ್ರಪಿಂಡ ಪರೀಕ್ಷಿಸಿ ವೈದ್ಯರೇ ಹೇಳಬೇಕು. ಡೈಸಲ್ಫಿರಾಮ್ ಬೇರೆ ಬಗೆಯದು: ಅದನ್ನು ನುಂಗಿ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ‘ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ’ ಎಂದು ಪುಡಿ ಮಾರುವವರನ್ನು ನಂಬಬೇಡಿ ಅಕ್ಕಂದಿರೇ. ತಿಳಿಯದೆ ಕುಡಿದವನ ಜೀವಕ್ಕೇ ಅಪಾಯ.

ಬಿಟ್ಟವನು ಒಂದು ದಿನ ಜಾರಿದರೆ ‘ನಾಯಿ ಬಾಲ ಡೊಂಕು’ ಎಂದು ಆಡಿಕೊಳ್ಳುವವರು ಬಹಳ. ಅವನಿಗೂ ‘ಎಲ್ಲ ಹಾಳಾಯ್ತು, ಇನ್ನೇನು’ ಅನ್ನಿಸುತ್ತದೆ. ಒಂದು ಪ್ಯಾಕೆಟ್ಟಿಗಿಂತ ಹೆಚ್ಚು ಕೆಡಿಸುವುದು ಈ ಯೋಚನೆಯೇ. ಅವತ್ತು ಅವನನ್ನು ಹೊರಗೆ ಹಾಕದೆ ಮಾರನೆಯ ಬೆಳಿಗ್ಗೆ ಜೊತೆಗೆ ಹೋಗಿ ವೈದ್ಯರ ಮುಂದೆ ಕೂರಿಸಿದರೆ ಅವನು ಇನ್ನೂ ನಮ್ಮವನೇ.

2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಿಗಳಲ್ಲಿ ಯಾವುದಾದರೂ ಚಿಕಿತ್ಸೆ ಸಿಗುವುದು 38 ಜನರಲ್ಲಿ ಒಬ್ಬರಿಗೆ. ಉಳಿದ 37 ಜನರಿಗೆ ಸಿಗುವುದು ‘ಮನಸ್ಸು ಗಟ್ಟಿ ಮಾಡ್ಕೊ’ ಎಂಬ ಮಾತು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿಗೆ ಹೋಗಲಾಗದವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ವ್ಯಸನಮುಕ್ತಿ ಸಹಾಯವಾಣಿ 14446. ಎರಡಕ್ಕೂ ಕಾಸು ಬೇಡ. ನಿಮ್ಮ ಮನೆಯಲ್ಲಿ ಯಾರಾದರೂ ಈಗಷ್ಟೇ ಬಿಟ್ಟಿದ್ದರೆ ಈ ನಂಬರುಗಳನ್ನು ಅವರ ಫೋನಿನಲ್ಲಿ ಹಾಕಿಕೊಡಿ, ಇವತ್ತು ಸಂಜೆ ಆರಕ್ಕೆ ಊಟಕ್ಕೆ ಕರೆಯಿರಿ.